ಪಕ್ಕದ ಜಮೀನಿನ ಪಹಣಿ ತೀರಿಕೊಂಡವರ ಹೆಸರಲ್ಲಿದೆ, ವಾರಸುದಾರರನ್ನ ಹುಡುಕೋದು ಹೇಗೆ? (ಆಲೂರು ತಾಲ್ಲೂಕು)

ಗದ್ದೆಬದು, ಆಲೂರು

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನ ಹೆಸರಲ್ಲಿ 1 ಎಕರೆ 30 ಗುಂಟೆ ಗದ್ದೆ ಇದೆ. ಅಪ್ಪ ಹೋದ ಮೇಲೆ ನಾನೇ ನೋಡಿಕೊಳ್ತಿದೀನಿ. ನಮ್ಮ ಗದ್ದೆಯ ಮೇಲ್ಗಡೆ ಸುಮಾರು 2 ಎಕರೆ ಜಮೀನು ಎಷ್ಟೋ ವರ್ಷದಿಂದ ಬೀಳು ಬಿದ್ದಿದೆ. ಲಂಟಾನ ಆಳೆತ್ತರ ಬೆಳೆದಿದೆ, ಅದರೊಳಗಿದ್ದ ಹಳೇ ಕಾಲುವೆ ಮುಚ್ಚಿಹೋಗಿದೆ. ಹೋದ ಮಳೆಗಾಲದಲ್ಲಿ ಆ ಕಡೆ ನೀರೆಲ್ಲ ನಮ್ಮ ಬದು ಒಡ್ಕೊಂಡು ಬಂದು, ನಾಟಿ ಮಾಡಿ ಎಂಟು ದಿನ ಆಗಿದ್ದ ಪೈರು ಅರ್ಧಕ್ಕರ್ಧ ಕೊಚ್ಚಿಕೊಂಡು ಹೋಯ್ತು.

ಆ ಜಮೀನಿನವರು ಒಪ್ಪಿದರೆ ಕಾಲುವೆ ನಾನೇ ನನ್ನ ಖರ್ಚಲ್ಲಿ ತೆಗೆಸ್ತೀನಿ. ಆದರೆ ಅವರು ಯಾರು, ಎಲ್ಲಿದ್ದಾರೆ ಅಂತಲೇ ಗೊತ್ತಿಲ್ಲ. ಪಹಣಿಯಲ್ಲಿ ಒಬ್ಬರ ಹೆಸರು, ಬಿನ್ ಅಂತ ಅವರ ತಂದೆ ಹೆಸರು, ಅಷ್ಟೇ ಇದೆ. ಆ ಯಜಮಾನರು ಹೋಗಿ ಮೂವತ್ತು ವರ್ಷದ ಮೇಲಾಯ್ತು ಅಂತಾರೆ. ಹೇಮಾವತಿ ಅಣೆಕಟ್ಟಿಗೆ ಊರು ಮುಳುಗಿದಾಗ ಇಲ್ಲಿಗೆ ಬಂದವರಂತೆ. ಮಕ್ಕಳು ಎಲ್ಲಿಗೆ ಹೋದರು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. "ಜೆಸಿಬಿ ತಂದು ತೆಗೆಸಿಬಿಡು, ಕೇಳೋರು ಯಾರಿದ್ದಾರೆ" ಅಂತಾರೆ ನಮ್ಮೂರವರು. ಬೇರೆಯವರ ಭೂಮಿಗೆ ಕೇಳದೆ ಹಾರೆ ಹಾಕೋಕೆ ನನಗೆ ಮನಸ್ಸಿಲ್ಲ. ದಾರಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಮಂಜರಾಬಾದ್ ಮಳೆ, ಸಕಲೇಶಪುರ

ಮೊದಲು ನೀವು ನೋಡಿರೋ ಪಹಣಿ ಅದೇ ಜಮೀನಿಂದಾ ಅಂತ ಖಾತ್ರಿ ಮಾಡ್ಕೊಳ್ಳಿ ಅಕ್ಕ. ಊರವರು ಹೇಳೋ ನಂಬರ್ ಎಷ್ಟೋ ಸಲ ಪಕ್ಕದ ನಂಬರ್ ಆಗಿರುತ್ತೆ. ಫೋನಲ್ಲಿ ದಿಶಾಂಕ್ ಅನ್ನೋ ಸರ್ವೆ ಇಲಾಖೆ ಆ್ಯಪ್ ಹಾಕ್ಕೊಂಡು ಆ ಜಮೀನಿನ ನಡುವೆ ಹೋಗಿ ನಿಂತ್ಕೊಳ್ಳಿ, ಸರ್ವೆ ನಂಬರ್ ತೋರಿಸುತ್ತೆ. ಬದುವಿನ ಮೇಲೆ ನಿಂತು ನೋಡಬೇಡಿ, ಗೆರೆ ಕೆಲವು ಮೀಟರ್ ಆ ಕಡೆ ಈ ಕಡೆ ಇರುತ್ತೆ.

ಆಮೇಲೆ ಪಹಣಿ ಸಿಗೋ ಭೂಮಿ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿ. ಸರ್ನಾಕ್ ಅಂತ ಕೇಳೋ ಕಡೆ ನಕ್ಷತ್ರದ ಗುರುತು ಬರುತ್ತೆ, ಅದನ್ನೇ ಒತ್ತಿ. ಹಿಸ್ಸಾ ನಂಬರ್ (ಸರ್ವೆ ನಂಬರಿನೊಳಗಿನ ಪಾಲಿನ ನಂಬರ್) ಕಡೆ ಹುಷಾರು. ಒಂದು ಸರ್ವೆ ನಂಬರಿನಲ್ಲಿ ಏಳೆಂಟು ಹಿಸ್ಸಾ ಇದ್ದರೆ ಒಂದೊಂದನ್ನೂ ತೆಗೆದು ನೋಡಿ, ವಿಸ್ತೀರ್ಣ ಯಾವುದಕ್ಕೆ ತಾಳೆ ಆಗುತ್ತೆ ಅಂತ. ನಾನು ಒಂದು ವರ್ಷ ಪೂರ್ತಿ ತಪ್ಪು ಹಿಸ್ಸಾದವರ ಹಿಂದೆ ಅಲೆದಿದೀನಿ. ಕೊನೆಗೆ ಅವರು ತಮ್ಮ ನಕ್ಷೆ ತಂದು ತೋರಿಸಿದಾಗಲೇ ಗೊತ್ತಾಗಿದ್ದು.

ಹಳೇ ಶಿರಸ್ತೇದಾರ, ಕಡೂರು

ಕಂದಾಯ ಇಲಾಖೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತಮ್ಮ. ಕೇಳದೆ ಕಾಲಿಡಬಾರದು ಅನ್ನುವ ನಿಮ್ಮ ಮಾತಿಗಾಗಿಯೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪಹಣಿ ಕೈಗೆ ಬಂದ ಕೂಡಲೇ ಎಲ್ಲರೂ 9ನೇ ಕಾಲಂನಲ್ಲಿರುವ ಹೆಸರು ನೋಡಿ ಮಡಚಿಡುತ್ತಾರೆ. ಮನುಷ್ಯರನ್ನು ಹುಡುಕುವವರು ನೋಡಬೇಕಾದದ್ದು ಅದರ ಪಕ್ಕದ 10ನೇ ಕಾಲಂ. ಜಮೀನು ಅವರಿಗೆ ಹೇಗೆ ಬಂತು ಎಂಬುದು ಅಲ್ಲಿರುತ್ತದೆ: ಕ್ರಯವೋ, ವಿಭಾಗವೋ, ಪೌತಿಯೋ (ತೀರಿಕೊಂಡವರಿಂದ ವಾರಸುದಾರರಿಗೆ ಬಂದದ್ದು), ಸರ್ಕಾರದ ಮಂಜೂರಾತಿಯೋ, ಜೊತೆಗೆ ಎಂ.ಆರ್. ನಂಬರು ಮತ್ತು ವರ್ಷ. ಎಂ.ಆರ್. ಎಂದರೆ ಮ್ಯುಟೇಶನ್ ರಿಜಿಸ್ಟರ್, ಖಾತೆ ಬದಲಾವಣೆಯ ಪುಸ್ತಕ; ಆ ನಂಬರು ಹಿಡಿದು ಅಲ್ಲಿಗೆ ಹೋಗಬೇಕು. ಪಹಣಿಯಲ್ಲಿ ಒಂದೇ ಸಾಲಿನಲ್ಲಿರುವ ವಿಚಾರ ಅಲ್ಲಿ ಅರ್ಧ ಪುಟ ಇರುತ್ತದೆ. ಯಾರಿಂದ ಯಾರಿಗೆ ಬಂತು, ಯಾವ ಆಧಾರದ ಮೇಲೆ, ಯಾರು ಹೇಳಿಕೆ ಕೊಟ್ಟರು ಎಲ್ಲವೂ ಸಿಗುತ್ತದೆ. ಪೌತಿಯಾದರೆ ವಂಶವೃಕ್ಷವೂ ಕಡತದಲ್ಲಿರುತ್ತದೆ.

11ನೇ ಕಾಲಂ ಋಣದ್ದು. ಅಲ್ಲಿ ಸಹಕಾರ ಸಂಘದ ಸಾಲ ಕಂಡರೆ ಅದೂ ಒಂದು ಸುಳಿವು, ಸಂಘದ ಸದಸ್ಯರ ಪುಸ್ತಕದಲ್ಲಿ ನಾಮಿನಿ ಹೆಸರು ಇರುತ್ತದೆ. 12ನೇ ಕಾಲಂ ಸಾಗುವಳಿ ಮತ್ತು ಬೆಳೆಯದ್ದು. ಹಿಂದಿನ ಒಂದೊಂದೇ ವರ್ಷದ ಪಹಣಿ ತೆಗೆದು ನೋಡುತ್ತಾ ಹೋದರೆ ಬೆಳೆ ಯಾವ ವರ್ಷ ನಿಂತಿತು ಎಂಬುದು ಗೊತ್ತಾಗುತ್ತದೆ. ಹೆಚ್ಚುಕಮ್ಮಿ ಆ ವರ್ಷವೇ ಮನೆಯವರು ಊರು ಬಿಟ್ಟಿರುತ್ತಾರೆ.

2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದಾಗ ಕೈಬರಹದ ಪಹಣಿಗಳನ್ನು ನೋಡಿ ಕಂಪ್ಯೂಟರಿಗೆ ಏರಿಸಿದರು. ಕೈಬರಹದಲ್ಲಿ ಪುಟ್ಟೇಗೌಡ ಇದ್ದದ್ದು ಪುಟ್ಟಗೌಡ ಆಗಿದೆ, ಅಡ್ಡಹೆಸರು ಬಿಟ್ಟುಹೋಗಿದೆ, ಮನೆತನದ ಹೆಸರು ಬಿಟ್ಟುಹೋಗಿದೆ. ಆದ್ದರಿಂದ ಹಳೆಯ ಕೈಬರಹದ ಪಹಣಿಯ ದೃಢೀಕೃತ ನಕಲನ್ನೂ ತಾಲ್ಲೂಕು ಕಚೇರಿಯ ಅಭಿಲೇಖಾಲಯದಿಂದ ಕೇಳಿ ಪಡೆಯಿರಿ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮ ಕಡತ ಅದರಲ್ಲಿ ಸೇರಿದ್ದರೆ ಕೆಲಸ ಹಗುರ.

10ನೇ ಕಾಲಂನಲ್ಲಿ ಏನಿದೆ ಎಂದು ನೋಡಿ ತಿಳಿಸಿ. ಪಹಣಿಯ ಫೋಟೋ ಹಾಕಬೇಡಿ, ಬಾಯಿಮಾತಿನಲ್ಲಿ ಹೇಳಿದರೆ ಸಾಕು.

ಗದ್ದೆಬದು, ಆಲೂರು

ಸಾರ್, ತುಂಬಾ ಉಪಕಾರ ಆಯ್ತು. ದಿಶಾಂಕ್‌ನಲ್ಲಿ ನೋಡ್ದೆ, ನಂಬರ್ ಸರಿಯಿದೆ. 10ನೇ ಕಾಲಂನಲ್ಲಿ ಮಂಜೂರಾತಿ ಅಂತಿದೆ, ಎಂ.ಆರ್. ನಂಬರೂ ಇದೆ. 11 ಖಾಲಿ.

ಹಳೇ ಶಿರಸ್ತೇದಾರ, ಕಡೂರು

ಹಾಗಾದರೆ ನಿಮ್ಮ ಊರವರ ಮಾತು ನಿಜವಿರಬೇಕು. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಮುಳುಗಡೆಯಾದವರಿಗೆ ಕೊಟ್ಟ ಜಮೀನಾದರೆ ಮಂಜೂರಾತಿ ಕಡತ ಇದ್ದೇ ಇರಬೇಕು. ಅದರಲ್ಲಿ ಮಂಜೂರಿದಾರರ ಮೂಲ ಊರು ಬರೆದಿರುತ್ತಾರೆ. ನಿಮಗೆ ಬೇಕಾದದ್ದು ಆ ಊರಿನ ಹೆಸರು. ಆ ಊರಿನವರು ಈಗ ಎಲ್ಲೆಲ್ಲಿ ನೆಲೆಸಿದ್ದಾರೋ ಅಲ್ಲಿ ಇವರ ನೆಂಟರಿರುತ್ತಾರೆ. ಎಂ.ಆರ್. ನಂಬರು ಬರೆದು ನಕಲಿಗೆ ಅರ್ಜಿ ಕೊಡಿ.

ಪತ್ರ ಬರಹಗಾರ, ಹಾಸನ

ಶಿರಸ್ತೇದಾರ್ ಸಾಹೇಬರು ಕಂದಾಯದ ಕಡೆಯದು ಹೇಳಿದರು. ನಾನು ನೋಂದಣಿ ಕಡೆಯದು ಸೇರಿಸ್ತೀನಿ. ಉಪನೋಂದಣಿ ಕಚೇರಿಯಲ್ಲಿ ಆ ಸರ್ವೆ ನಂಬರಿಗೆ ಒಂದು ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. 2004ರ ಏಪ್ರಿಲ್‌ನಿಂದ ಈಚೆಗಿನದು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಆನ್‌ಲೈನ್ ಸಿಗುತ್ತೆ, ಅದಕ್ಕೂ ಹಿಂದಿನದಕ್ಕೆ ಕಚೇರಿಯಲ್ಲೇ ಪುಸ್ತಕ ನೋಡಿಸಬೇಕು. ವ್ಯವಹಾರ ಏನಾದರೂ ನೋಂದಣಿ ಆಗಿದ್ದರೆ ನಮೂನೆ 15ರಲ್ಲಿ ಬರುತ್ತೆ, ಏನೂ ಇಲ್ಲದಿದ್ದರೆ ನಮೂನೆ 16 ಕೊಡ್ತಾರೆ. ಪಹಣಿಗೂ ನಮೂನೆ 16 ಅಂತಲೇ ಹೆಸರು, ಕಚೇರಿಯಲ್ಲಿ ಕೇಳುವಾಗ ಯಾವುದು ಅಂತ ಬಿಡಿಸಿ ಹೇಳಿ.

ಬಹಳ ಜನಕ್ಕೆ ಗೊತ್ತಿಲ್ಲದ ವಿಚಾರ ಒಂದಿದೆ. ಕ್ರಯ, ದಾನ, ವಿಭಾಗ ಪತ್ರಗಳು ಏರುವ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಅದಕ್ಕೆ ಹಕ್ಕು ಕೊಟ್ಟಿದೆ. ಅದಕ್ಕೆ ಎರಡು ಸೂಚಿ ಇರುತ್ತೆ, ಒಂದು ಹೆಸರಿನ ಪ್ರಕಾರ, ಇನ್ನೊಂದು ಸ್ವತ್ತಿನ ಪ್ರಕಾರ. ಅಂದರೆ ಮನುಷ್ಯರ ಹೆಸರು ಹಿಡಿದೂ ಹುಡುಕಬಹುದು. ಅದೇ ಯಜಮಾನರು ಅದೇ ಕಚೇರಿ ವ್ಯಾಪ್ತಿಯಲ್ಲಿ ಬೇರೆ ಏನಾದರೂ ಕೊಂಡಿದ್ದರೆ, ಮಾರಿದ್ದರೆ, ಆ ಪತ್ರದಲ್ಲಿ ಆಗಿನ ವಾಸದ ಊರು ಸಿಗುತ್ತೆ. ಮರಣ ಶಾಸನ ಇರುವ ಮೂರನೇ ಪುಸ್ತಕ ಹಾಗಲ್ಲ. ಬರೆದವರು ಬದುಕಿರೋ ತನಕ ಬೇರೆಯವರಿಗೆ ಕೊಡಲ್ಲ.

ಇ.ಸಿ.ಯಲ್ಲಿ ಏನೂ ಬರಲಿಲ್ಲ ಅಂದರೆ ವ್ಯವಹಾರವೇ ಆಗಿಲ್ಲ ಅಂತ ತಿಳ್ಕೊಬೇಡಿ. ನಮ್ಮ ಕಡೆ ಅಣ್ಣತಮ್ಮಂದಿರು ಬಿಳಿ ಹಾಳೆಯಲ್ಲಿ ಪಾರೀಖತ್ತು (ಪಾಲು ಪತ್ರ) ಬರ್ಕೊಂಡು ಪೆಟ್ಟಿಗೆಯಲ್ಲಿ ಇಟ್ಟಿರೋದು ಎಷ್ಟೋ ಇದೆ.

ಅಡಿಕೆ ಚಪ್ಪರ, ಕೊಪ್ಪ

ನಮ್ಮದೂ ಇಂಥದ್ದೇ ಕತೆ ಮಾರಾಯ್ರೇ. ಅಜ್ಜನ ಕಾಲದ ಕಾಗದದಲ್ಲಿ ಜಿಲ್ಲೆ ಹೆಸರೇ ಕಡೂರು ಜಿಲ್ಲೆ ಅಂತ ಇತ್ತು, ಚಿಕ್ಕಮಗಳೂರು ಅಂತ ಆಗಿದ್ದು ಆಮೇಲೆ. ವಿಸ್ತೀರ್ಣ ಎಕರೆ ಗುಂಟೆಯಲ್ಲಿಲ್ಲ, ಇಷ್ಟು ಖಂಡುಗ ಬೀಜವರಿ, ಅಂದ್ರೆ ಇಷ್ಟು ಬೀಜ ಬಿತ್ತೋ ಜಾಗ, ಅಂತ ಬರ್ದಿದ್ರು. ಸರ್ವೆ ನಂಬರೇ ಇಲ್ಲದೆ ನಾಲ್ಕು ದಿಕ್ಕಿನ ಚಕ್ಕುಬಂದಿ ಮಾತ್ರ ಇತ್ತು: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಬಾಗಾಯ್ತು ಅಂತ. ಆ "ಇಂಥವರ" ಮನೆ ಇವತ್ತಿಗೂ ಅಲ್ಲೇ ಇತ್ತು, ಅದರಿಂದಲೇ ನಮ್ಮ ಜಾಗ ಗೊತ್ತಾಯ್ತು. ಸಕಲೇಶಪುರದ ಕಡೆಯವರಿಗೆ ಹಳೇ ಕಾಗದದಲ್ಲಿ ಮಂಜರಾಬಾದ್ ತಾಲ್ಲೂಕು ಅಂತ ಸಿಗುತ್ತೆ. ಕಳಸ, ಅಜ್ಜಂಪುರದವರಿಗೆ ಹಳೇ ದಾಖಲೆ ಮೂಡಿಗೆರೆ, ತರೀಕೆರೆ ಹೆಸರಲ್ಲಿ ಇರುತ್ತೆ.

ಗದ್ದೆಬದು ಅವರೇ, ಕಚೇರಿ ಕಾಗದದಷ್ಟೇ ಬೆಲೆ ಊರಿನ ಪುಸ್ತಕಗಳಿಗೂ ಇದೆ. ದೇವಸ್ಥಾನದ ಜೀರ್ಣೋದ್ಧಾರದ ಚಂದಾ ಪಟ್ಟಿ ನೋಡಿ, ಹಾಲಿನ ಡೈರಿ ಶುರುವಾದಾಗಿನ ಸದಸ್ಯರ ಪಟ್ಟಿ ನೋಡಿ, ಶಾಲೆ ದಾಖಲಾತಿ ಬಗ್ಗೆ ಹೆಡ್‌ಮಾಸ್ಟರ ಹತ್ರ ವಿಷಯ ಹೇಳಿ ಕೇಳಿ. ನಾವು ಹುಡುಕ್ತಿದ್ದವರ ಮೊಮ್ಮಗ ಸಿಕ್ಕಿದ್ದು ಗರ್ಭಗುಡಿ ಮುಂದಿನ ಕಲ್ಲಿನ ಮೇಲೆ ಕೆತ್ತಿದ್ದ ದಾನಿಗಳ ಹೆಸರಿಂದ. ಹೆಸರಿನ ಕೆಳಗೆ "ಭದ್ರಾವತಿ" ಅಂತ ಇತ್ತು.

ತೆಂಗಿನ ಸಾಲು, ಅರಸೀಕೆರೆ

ನಂದೂ ಒಂದು ಪ್ರಶ್ನೆ. ಒಬ್ಬರ ಹೆಸರು ಹಾಕಿದರೆ ಇಡೀ ಜಿಲ್ಲೆಯಲ್ಲಿ ಅವರಿಗೆ ಎಲ್ಲೆಲ್ಲಿ ಜಮೀನಿದೆ ಅಂತ ಬರುತ್ತಾ? ನಮ್ಮ ಹತ್ತಿರ ಕೊಬ್ಬರಿ ತಗೊಂಡು ದುಡ್ಡು ಕೊಡದೆ ಒಬ್ಬರು ಊರು ಬಿಟ್ಟಿದ್ದಾರೆ. ಮತದಾರರ ಪಟ್ಟಿ ತೆಗೆದು ಅವರ ಮನೆ ಹುಡುಕಿ, ಹೆಂಡತಿ ಮಕ್ಕಳ ಮುಂದೇನೇ ಹೋಗಿ ನಿಂತು ಕೇಳೋಣ ಅಂತಿದೀನಿ.

ವಕೀಲೆ, ಚಿಕ್ಕಮಗಳೂರು

ಅಣ್ಣಾ, ಮಾಲೀಕರ ಹೆಸರಿನಿಂದ ಹುಡುಕುವ ದಾರಿ ಭೂಮಿಯಲ್ಲಿದೆ, ಆದರೆ ಊರು ಆರಿಸಿಕೊಂಡ ಮೇಲೆ, ಆ ಊರಿನ ಮಟ್ಟಿಗೆ. ಒಂದೇ ಊರಲ್ಲಿ ಮಂಜೇಗೌಡ ಬಿನ್ ರಂಗೇಗೌಡ ಅನ್ನುವವರು ಮೂವರಿದ್ದರೂ ಆಶ್ಚರ್ಯವಿಲ್ಲ. ಹೆಸರು ತಾಳೆಯಾಯಿತು ಅಂತ ಯಾರ ಮನೆ ಬಾಗಿಲಿಗೂ ಹೋಗಬೇಡಿ. ಬಾಕಿ ವಸೂಲಿಗೆ ವಕೀಲರ ನೋಟೀಸು, ಆಮೇಲೆ ದಾವೆ. ಸಾಲಕ್ಕೆ ಸಂಬಂಧವೇ ಇಲ್ಲದ ಹೆಂಗಸು ಮಕ್ಕಳ ಮುಂದೆ ಹೋಗಿ ನಿಂತರೆ ನಿಮ್ಮ ಮೇಲೆಯೇ ದೂರು ಬರುತ್ತದೆ. ಬಂದರೆ ಅದು ನ್ಯಾಯವೇ. ಮತದಾರರ ಪಟ್ಟಿ ಇರುವುದು ಚುನಾವಣೆಗೆ.

ಗದ್ದೆಬದು ಅವರಿಗೆ ಮತ್ತು ಎಲ್ಲರಿಗೂ ಒಂದು ಮನವಿ. "ಈ ಜಮೀನಿನ ಮಾಲೀಕರು ತೀರಿಕೊಂಡಿದ್ದಾರೆ, ವಾರಸುದಾರರು ಯಾರೂ ಊರಲ್ಲಿಲ್ಲ" ಅನ್ನುವ ಸುದ್ದಿಯನ್ನು ಸರ್ವೆ ನಂಬರಿನ ಜೊತೆ ಎಲ್ಲೂ ಹಾಕಬೇಡಿ. ಅಂಥ ಜಮೀನಿಗಾಗಿಯೇ ಕಾಯುವವರಿದ್ದಾರೆ. ಸುಳ್ಳು ವಂಶವೃಕ್ಷ ಹುಟ್ಟಿಸಿ ಖಾತೆ ಮಾಡಿಸಿಕೊಂಡ ಪ್ರಕರಣಗಳನ್ನು ನಾನೇ ನಡೆಸಿದ್ದೇನೆ. ನಿಜವಾದ ಮಕ್ಕಳು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುತ್ತಾರೆ. ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಪಹಣಿಯಲ್ಲಿರುವುದನ್ನು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ಹಿಡಿಯುತ್ತಾರೆ. ಸಾಬೀತು ಮಾಡುವ ಹೊರೆಯೆಲ್ಲ ಆ ಮಕ್ಕಳ ಮೇಲೆ.

ಇನ್ನೊಂದು, ಮಂಜೂರಾದ ಜಮೀನು ಅಂದಿರಿ. ಕಾಲುವೆಗೆ ಒಪ್ಪಿಗೆ ಕೇಳುವುದು ಬೇರೆ, ಮುಂದೆ ಕೊಂಡುಕೊಳ್ಳುವ ಮಾತು ಬಂದರೆ ಅದು ಬೇರೆ. ಪರಭಾರೆ (ಬೇರೆಯವರಿಗೆ ವರ್ಗಾವಣೆ) ಮಾಡಬಾರದೆಂಬ ಷರತ್ತು ಇದೆಯೇ, ಇದ್ದರೆ ಎಷ್ಟು ವರ್ಷ ಎಂದು ಮಂಜೂರಾತಿ ಆದೇಶದಲ್ಲಿ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬರುತ್ತದೆ, ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ.

ಗದ್ದೆಬದು, ಆಲೂರು

ಹದಿನೆಂಟು ದಿನ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ಒಂದು ಕಚೇರಿಯಲ್ಲಿ ಕಡತ ಇಲ್ಲ ಅಂತ ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ಎಂ.ಆರ್. ನಂಬರ್ ಜೊತೆ ವರ್ಷವನ್ನೂ ಅರ್ಜಿಯಲ್ಲೇ ಬರೆದು, ಸ್ವೀಕೃತಿ ಮೊಹರು ಹಾಕಿಸ್ಕೊಂಡು ಬಂದೆ. ನಾಲ್ಕನೇ ದಿನ ಕರೆದರು. ಕಡತ ಅಂದರೆ ಹಪ್ಪಳದ ಥರ ಆಗಿರೋ ಹತ್ತು ಹದಿನೈದು ಹಾಳೆ. ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿದೆ, ಮೂಲೆಯಲ್ಲಿ ದಾರ ಪೋಣಿಸಿ ಗಂಟು ಹಾಕಿದ್ದಾರೆ. ಅಲ್ಲಿದ್ದ ಗುಮಾಸ್ತರು ಒಂದೊಂದು ಹಾಳೆನೂ ಎರಡು ಕೈಯಲ್ಲಿ ಎತ್ತಿ ಮಗುಚ್ತಿದ್ದರು. ನೀಲಿ ಶಾಯಿಯಲ್ಲಿ ಯಜಮಾನರ ಹೆಸರು, ಮುಳುಗಿದ ಊರಿನ ಹೆಸರು, ಕೆಳಗೆ ಅವರ ಎಡಗೈ ಹೆಬ್ಬೆಟ್ಟು. ಹೆಬ್ಬೆಟ್ಟಿನ ಗೆರೆಗಳು ಇವತ್ತಿಗೂ ಒಂದೊಂದಾಗಿ ಎಣಿಸೋ ಹಾಗಿವೆ. ಒಂದು ನಿಮಿಷ ಮಾತೇ ಬರಲಿಲ್ಲ ನನಗೆ.

ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚು ಮಳೆಗಾಲದಲ್ಲಿ ಮುಳುಗೋದನ್ನ ನೋಡೋಕೆ ಎಲ್ಲೆಲ್ಲಿಂದಲೋ ಜನ ಬಂದು ಫೋಟೋ ತೆಗೀತಾರೆ. ಅದೇ ನೀರಿನ ಕೆಳಗೆ ಇಂಥವರ ಹಟ್ಟಿ, ಕಣ, ಗದ್ದೆ ಎಲ್ಲ ಇದೆ. ಇಷ್ಟು ವರ್ಷ ಹಾಸನದ ಪಕ್ಕದಲ್ಲೇ ಇದ್ದು ನಾನು ಅದನ್ನ ಯೋಚನೆ ಮಾಡಿರಲಿಲ್ಲ.

ಆ ಊರಿನ ಕೆಲವು ಮನೆಯವರು ನೆಲೆಸಿರೋ ಜಾಗಕ್ಕೆ ಭಾನುವಾರ ಅಮ್ಮನ್ನ ಕರ್ಕೊಂಡು ಹೋದೆ. ಅಮ್ಮ ಬಂದಿದ್ದಕ್ಕೇ ಕೆಲಸ ಆಯ್ತು. ನಾನು ಗಂಡಸರ ಹತ್ರ ಹೆಸರು, ಬಿನ್, ಸರ್ವೆ ನಂಬರ್ ಅಂತ ಕೇಳ್ತಿದ್ದೆ, ಯಾರಿಗೂ ಗೊತ್ತಾಗಲಿಲ್ಲ. ಅಮ್ಮ ಜಗಲಿ ಮೇಲೆ ಅವರೆಕಾಯಿ ಬಿಡಿಸ್ತಾ ಕೂತಿದ್ದ ಒಂದು ಅಜ್ಜಿ ಪಕ್ಕ ಕೂತ್ಕೊಂಡು, ತಾನೂ ಬಿಡಿಸ್ತಾ, "ಆ ಮನೆ ಹೆಣ್ಣುಮಕ್ಕಳನ್ನ ಯಾವೂರಿಗೆ ಕೊಟ್ಟಿದ್ರು?" ಅಂತ ಕೇಳಿದರು. ಅಜ್ಜಿ ತಕ್ಷಣ "ದೊಡ್ಡೋಳನ್ನ ಚನ್ನರಾಯಪಟ್ಟಣದ ಕಡೆ ಕೊಟ್ರು, ಚಿಕ್ಕೋಳು ಬೇಲೂರು" ಅಂದರು. ಮೂರು ಫೋನ್ ಆದಮೇಲೆ ದೊಡ್ಡ ಮಗಳೇ ಮಾತಿಗೆ ಸಿಕ್ಕಿದರು.

ಪಹಣಿಯಲ್ಲಿ, ಎಂ.ಆರ್.ನಲ್ಲಿ, ಕಡತದಲ್ಲಿ ಎಲ್ಲೂ ಈ ಹೆಣ್ಣುಮಕ್ಕಳ ಸುಳಿವೇ ಇರಲಿಲ್ಲ. ಈಗ ಅವರ ಹೆಸರು ಎಲ್ಲಿದ್ದರೂ ಕೋಂ ಅಂತ ಗಂಡನ ಹೆಸರಿನ ಜೊತೆ ಇರುತ್ತೆ. ತಂದೆ ಹೆಸರು ಹಿಡಿದು ಎಷ್ಟು ಹುಡುಕಿದರೂ ಸಿಗ್ತಿರಲಿಲ್ಲ.

ವಕೀಲೆ, ಚಿಕ್ಕಮಗಳೂರು

ಇದನ್ನು ಓದಿ ಕಣ್ಣು ತುಂಬಿತು. ದಯವಿಟ್ಟು ಅವರಿಗೆ ಒಂದು ಮಾತು ತಿಳಿಸಿ: ಪೌತಿ ಖಾತೆ ಮಾಡಿಸುವಾಗ ವಂಶವೃಕ್ಷದಲ್ಲಿ ಎಲ್ಲ ಮಕ್ಕಳ ಹೆಸರೂ ಇರಬೇಕು, ಮದುವೆಯಾಗಿ ಹೋದವರದೂ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ತಂದೆಯ ಸ್ವಂತ ಆಸ್ತಿಗೆ ಮಗಳೂ ಮೊದಲ ದರ್ಜೆ ವಾರಸುದಾರಳು. "ಹೆಣ್ಣುಮಕ್ಕಳದು ಯಾಕೆ ಬಿಡಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬಿಟ್ಟು ಬರೆದ ವಂಶವೃಕ್ಷಗಳಿಂದ ಹಾಳಾದ ಎಷ್ಟೋ ಮನೆ ನೋಡಿದ್ದೇನೆ.

ಹಳೇ ಶಿರಸ್ತೇದಾರ, ಕಡೂರು

ನಾನು ಕಾಲಂಗಳ ಬಗ್ಗೆ ಇಷ್ಟುದ್ದ ಬರೆದೆ, ನಿಮ್ಮ ತಾಯಿ ಒಂದೇ ಪ್ರಶ್ನೆಯಲ್ಲಿ ಮುಗಿಸಿದರು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಲಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಬೇಕು. ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಾಗ ಗ್ರಾಮ ಆಡಳಿತಾಧಿಕಾರಿಗಳು ತೀರಿಕೊಂಡ ಖಾತೆದಾರರನ್ನು ಗುರುತು ಮಾಡಿಕೊಂಡಿದ್ದಾರೆ, ಮೊದಲು ಅವರನ್ನು ಕಾಣಲಿ.

ಗದ್ದೆಬದು, ಆಲೂರು

ನಿನ್ನೆ ಇಬ್ಬರು ಹೆಣ್ಣುಮಕ್ಕಳೂ ಬಂದಿದ್ದರು ಸಾರ್, ಜೊತೆಗೆ ಬೆಂಗಳೂರಿಂದ ತಮ್ಮನೂ ಬಂದಿದ್ದರು. ಜಮೀನು ಇನ್ನೂ ಅಪ್ಪನ ಹೆಸರಲ್ಲೇ ಇದೆ ಅಂತ ಅವರಿಗೆ ಗೊತ್ತಿರಲಿಲ್ಲ, ಸರ್ಕಾರ ವಾಪಸ್ ತಗೊಂಡಿರಬೇಕು ಅಂದ್ಕೊಂಡಿದ್ದರಂತೆ. ಕತ್ತಿ ಹಿಡ್ಕೊಂಡು ಲಂಟಾನ ಸವರ್ತಾ ಒಳಗೆ ಹೋದ್ವಿ. ದೊಡ್ಡಕ್ಕ ನೇರ ಮೇಲಿನ ಮೂಲೆಗೆ ಹೋಗಿ ಒಂದು ಹಲಸಿನ ಮರ ಮುಟ್ಟಿ ನಿಂತರು. ಬಂದ ವರ್ಷ ಅವರಪ್ಪ ನೆಟ್ಟಿದ್ದಂತೆ, ಬೀಜ ಮುಳುಗಿದ ಊರಿಂದ ತಂದಿದ್ದು.

ಕಾಲುವೆಗೆ ಮೂವರೂ ಒಪ್ಪಿದರು. ಅದನ್ನ ಬರವಣಿಗೆಯಲ್ಲೇ ಮಾಡ್ಕೊಂಡ್ವಿ. ಕಾಲುವೆ ಹಲಸಿನ ಮರ ಬಿಟ್ಟು ಕೆಳಗಿಂದ ಸುತ್ತಿ ಹೋಗುತ್ತೆ.

ಈಗ ಒಂದು ತೊಡಕು. ಯಜಮಾನರ ಸಾವು ಎಲ್ಲೂ ನೋಂದಣಿ ಆಗಿಲ್ಲ ಅನ್ಸುತ್ತೆ. ಏನು ಮಾಡೋದು?

ಹಳೇ ಶಿರಸ್ತೇದಾರ, ಕಡೂರು

ಆಗಿಲ್ಲ ಎಂದು ಈಗಲೇ ತೀರ್ಮಾನ ಮಾಡಬೇಡಿ. ಹಿಂದೆ ಹಳ್ಳಿಯ ಜನನ ಮರಣ ಪುಸ್ತಕವನ್ನು ಗ್ರಾಮ ಲೆಕ್ಕಿಗರು ಬರೆಯುತ್ತಿದ್ದರು. ತೀರಿಕೊಂಡ ವರ್ಷ ಹೇಳಿ ತಾಲ್ಲೂಕು ಕಚೇರಿಯಲ್ಲಿ ಮೊದಲು ಹುಡುಕಿಸಿ. ವರ್ಷ ನಿಖರವಾಗಿ ನೆನಪಿಲ್ಲದಿದ್ದರೆ ಹಿಂದೆ ಮುಂದೆ ಎರಡೆರಡು ವರ್ಷ ಸೇರಿಸಿ ಬರೆಯಿರಿ. ನಿಜವಾಗಿಯೂ ಇಲ್ಲದಿದ್ದರೆ ಇಲ್ಲವೆಂದು ಬರವಣಿಗೆಯಲ್ಲಿ ಪಡೆದುಕೊಂಡು, ತಡವಾದ ನೋಂದಣಿಗೆ ಅರ್ಜಿ ಕೊಡಬೇಕು. ಒಂದು ವರ್ಷ ಮೀರಿದವಕ್ಕೆ ಹಿಂದೆ ನ್ಯಾಯಾಲಯದ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಹಂತಕ್ಕೆ ಬಂದಿದೆ. ಅಂತ್ಯಕ್ರಿಯೆಗೆ ಬಂದಿದ್ದವರು ಇಬ್ಬರು ಹೇಳಿಕೆ ಕೊಡಲು ಸಿಗುತ್ತಾರೆಯೇ?

ಗದ್ದೆಬದು, ಆಲೂರು

ಅವರೆಕಾಯಿ ಅಜ್ಜಿ ಬರ್ತೀನಿ ಅಂದಿದ್ದಾರೆ ಸಾರ್. ಅವರ ಜೊತೆ ನಮ್ಮೂರಿಂದಲೂ ಒಬ್ಬರಿದ್ದಾರೆ. ಸೋಮವಾರ ಬೆಳಗಿನ ಬಸ್ಸಿಗೆ ಎಲ್ಲರೂ ಹೊರಡ್ತಿದೀವಿ.